ನಟ ಕಾರ್ನಾಡರು: ಶಂಕರ್ ದಾದಾನ ತಂದೆಯೋ, ಪ್ರಾಣೇಶಾಚಾರ್ಯರೋ?

ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ, ವಾಚಕರು ಮನ್ನಿಸಬೇಕು. ಕಳೆದ ಬೇಸಿಗೆಯ ರಜೆಯಲ್ಲಿ ಬಾಲಾನಗರದ ನಮ್ಮ ಮನೆಯ ಮೇಜಿನ ಮೇಲೆ ಊರಿನಿಂದ ಬಂದವರು ತಂದಿದ್ದ ಕನ್ನಡ ಪತ್ರಿಕೆಯೊಂದು ಬಿದ್ದಿತ್ತು. ಮೇ 19 ಗಿರೀಶ ಕಾರ್ನಾಡರ ಜನ್ಮದಿನವಷ್ಟೆ. ಆ ನಿಮಿತ್ತ ಅದರಲ್ಲಿ ಅವರ ಭಾವಚಿತ್ರ ಅಚ್ಚಾಗಿತ್ತು. ಹತ್ತು ವರ್ಷದ ನನ್ನ ಮೊಮ್ಮಗಳು ಅದನ್ನು ಕಂಡವಳೇ, "ತಾತಾ, ಈಯನ ಶಂಕರ್ ದಾದಾ ವಾಳ್ಳ ನಾನ್ನ ಕದಾ!" ಎಂದು ಕೂಗಿದಳು. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ತೆಲುಗು ಗೃಹಿಣಿ ಇಣಿಕಿ ನೋಡಿ, ಅಲ್ಲ, ಇವರು 'ಆನಂದ ಭೈರವಿ'ಯ ಗುರುಗಳು ಎಂದರು. ಒಳಗಿನಿಂದ ಬಂದ ನನ್ನ ಶ್ರೀಮತಿ, ಧಾರವಾಡದ ಕಡೆಯವಳು, ಇಬ್ಬರ ಮಾತನ್ನೂ ತಳ್ಳಿಹಾಕಿದಳು: "ಯಾವ ದಾದಾನ ಅಪ್ಪಾನೂ ಅಲ್ಲವಾ. ಇವರು ಪ್ರಾಣೇಶಾಚಾರ್ಯರು, 'ಸಂಸ್ಕಾರ' ಸಿನಿಮಾದಾಗಿನವರು."

ಮೂವರು ಹೇಳಿದ್ದೂ ಸುಳ್ಳಲ್ಲ. ಆದರೆ 'ತುಘಲಕ್' ಬರೆದವರು, 'ಹಯವದನ' ಬರೆದವರು ಎಂದು ಮೂವರಲ್ಲಿ ಯಾರೂ ಹೇಳಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ವಿದ್ವಾಂಸರ ಗೋಷ್ಠಿಗಳಲ್ಲಾದರೋ ಇದಕ್ಕೆ ತದ್ವಿರುದ್ಧ. ಅಲ್ಲಿ ಕಾರ್ನಾಡರು ಎಂದರೆ ನಾಟಕಕಾರರು, 1998ರ ಜ್ಞಾನಪೀಠ ಪುರಸ್ಕೃತರು; ಅವರ ಅಭಿನಯದ ವಿಷಯ ಬಂದರೆ ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಸುಮಾರು ಐದು ದಶಕಗಳ ಕಾಲ ಕನ್ನಡ, ಹಿಂದಿ, ತೆಲುಗು, ತಮಿಳು ಮುಂತಾದ ಭಾಷೆಗಳಲ್ಲಿ ಬಣ್ಣ ಹಚ್ಚಿದ ಒಬ್ಬ ನಟನ ಸಾಧನೆಯನ್ನು ಹೀಗೆ ಅಡಿಟಿಪ್ಪಣಿಗೆ ಇಳಿಸುವುದು ನ್ಯಾಯವೇ? ಅವರ ನಟನೆಯಲ್ಲಿ ನಿಜವಾದ ಬೆಲೆಯುಳ್ಳದ್ದು ಯಾವುದು, ಬರೀ ಸಂಪಾದನೆಗಾಗಿ ಮಾಡಿದ್ದು ಯಾವುದು? ಇದನ್ನು ಸ್ವಲ್ಪ ವಿಚಾರಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ರಂಗಭೂಮಿಯಿಂದ ಬಂದ ದೊಡ್ಡ ನಟನನ್ನು ಮುಂದಿನ ಪೀಳಿಗೆ ಒಂದು ಜನಪ್ರಿಯ ಪಾತ್ರದಿಂದ ಮಾತ್ರ ಗುರುತಿಸುವುದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯೇನೂ ಅಲ್ಲ. ಇಂಗ್ಲೆಂಡಿನ ಅಲೆಕ್ ಗಿನ್ನೆಸ್ ಅವರನ್ನೇ ನೋಡಿ. 1930ರ ದಶಕದಲ್ಲಿ ಜಾನ್ ಗೀಲ್‌ಗುಡ್ ಅವರಂಥವರ ಜೊತೆ ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದವರು. 1957ರ 'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್' ಚಿತ್ರಕ್ಕೆ ಆಸ್ಕರ್ ಪಡೆದವರು. ಆದರೆ 1977ರಲ್ಲಿ 'ಸ್ಟಾರ್ ವಾರ್ಸ್' ಬಂದ ಮೇಲೆ ಜಗತ್ತಿನ ಹುಡುಗರಿಗೆಲ್ಲ ಅವರು ಅದರೊಳಗಿನ ಗಡ್ಡದ ಮುದುಕ ಮಾತ್ರ ಆಗಿಹೋದರು. ಆ ಚಿತ್ರವನ್ನು ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆಂದ ಬಾಲಕನೊಬ್ಬನಿಗೆ, ಇನ್ನು ಮೇಲೆ ನೋಡುವುದಿಲ್ಲವೆಂದು ಮಾತು ಕೊಟ್ಟರೆ ಹಸ್ತಾಕ್ಷರ ಹಾಕುತ್ತೇನೆ ಎಂದರಂತೆ. ಇದೇ ಗಿನ್ನೆಸ್ ಅವರು 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ನಮ್ಮ ಬೆಂಗಳೂರು ಸೀಮೆಗೂ ಬಂದು, ಪ್ರೊಫೆಸರ್ ಗೋಡ್‌ಬೋಲೆ ಎಂಬ ಬ್ರಾಹ್ಮಣನ ಪಾತ್ರ ವಹಿಸಿದರು. ಆಂಗ್ಲನೊಬ್ಬ ಮುಖಕ್ಕೆ ಬಣ್ಣ ಬಳಿದುಕೊಂಡು ಭಾರತೀಯನಾದುದು ಟೀಕೆಗೂ ಗುರಿಯಾಯಿತು. ಎಷ್ಟು ದೊಡ್ಡ ನಟನಾದರೂ ತನ್ನದಲ್ಲದ ನೆಲದಲ್ಲಿ ನಿಂತಾಗ ಏನಾಗುತ್ತದೆ ಎಂಬ ಪ್ರಶ್ನೆ ಇಲ್ಲಿದೆ. ಕಾರ್ನಾಡರ ವೃತ್ತಿಜೀವನವನ್ನು ನೋಡುವಾಗಲೂ ಈ ಪ್ರಶ್ನೆಯನ್ನು ನೆನಪಿನಲ್ಲಿಡಬೇಕು. ಏಕೆಂದರೆ ಅವರು ನಿಂತ ನೆಲಗಳಲ್ಲಿ ಬಹುಪಾಲು ಅವರದಾಗಿರಲಿಲ್ಲ.

ಕಾರ್ನಾಡರು ಹುಟ್ಟಿದ್ದು 1938ರಲ್ಲಿ, ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಮನೆಮಾತು ಕೊಂಕಣಿ. ತಂದೆ ವೈದ್ಯರು. ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಅಲ್ಲಿ ಯಕ್ಷಗಾನವನ್ನೂ ಕಂಪನಿ ನಾಟಕಗಳನ್ನೂ ಕಣ್ತುಂಬ ನೋಡಿದರು. ಆಮೇಲೆ ಧಾರವಾಡ. ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಹಂಬಲವಿದ್ದ ಆ ತರುಣ, ಹೊರಡುವ ಸಿದ್ಧತೆಯ ದಿನಗಳಲ್ಲಿ ಬರೆದುಬಿಟ್ಟದ್ದು ಮಾತ್ರ ಕನ್ನಡ ನಾಟಕ. ಅದೇ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ 'ಯಯಾತಿ'. ತಾನು ಕನ್ನಡದಲ್ಲಿ ಬರೆದದ್ದು ತನಗೇ ಆಶ್ಚರ್ಯವಾಯಿತು ಎಂದು ಅವರು ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. ಈ ಸಂಗತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

1963ರಲ್ಲಿ ಹಿಂತಿರುಗಿ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ ಕಾರ್ನಾಡರು, ಬಿಡುವಿನ ವೇಳೆಯಲ್ಲಿ 'ಮದ್ರಾಸ್ ಪ್ಲೇಯರ್ಸ್' ಎಂಬ ಹವ್ಯಾಸಿ ತಂಡದೊಡನೆ ರಂಗದ ಮೇಲೆ ಕಾಣಿಸಿಕೊಂಡರು. ಅದು ಇಂಗ್ಲಿಷ್ ನಾಟಕಗಳ ತಂಡ. ಕನ್ನಡ ಚಿತ್ರರಂಗದ ಒಂದು ಹೊಸ ಯುಗಕ್ಕೆ ಬೀಜ ಬಿದ್ದದ್ದು ಅಲ್ಲಿಯೇ ಎಂದರೆ ಅತಿಶಯೋಕ್ತಿಯಾಗಲಾರದು. ಆ ಬಳಗದಲ್ಲಿದ್ದ ಸ್ನೇಹಲತಾ ರೆಡ್ಡಿ ಮತ್ತು ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರೇ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಚಿತ್ರ ಮಾಡಲು ಹೊರಟವರು. ಪಟ್ಟಾಭಿಯವರು ತೆಲುಗಿನ ಹೆಸರಾಂತ ನವ್ಯ ಕವಿ, ನೆಲ್ಲೂರಿನವರು. ಛಾಯಾಗ್ರಾಹಕ ಟಾಮ್ ಕೊವನ್ ಆಸ್ಟ್ರೇಲಿಯದವರು. ಚಿತ್ರಕಥೆ ಬರೆದು ನಾಯಕನಾದ ಕಾರ್ನಾಡರ ಮನೆಮಾತು ಕೊಂಕಣಿ. ಇಷ್ಟೊಂದು ಕಡೆಯ ಜನ ಕೂಡಿ ಮಾಡಿದ ಚಿತ್ರ ಮಲೆನಾಡಿನ ಮಾಧ್ವ ಅಗ್ರಹಾರದ ಕಥೆ ಹೇಳಿತು. ಮೊದಲು ಸೆನ್ಸಾರಿನ ನಿಷೇಧಕ್ಕೂ ಸಿಕ್ಕಿಕೊಂಡಿತು. ನಂತರ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆದ ಮೊಟ್ಟಮೊದಲ ಕನ್ನಡ ಚಿತ್ರವಾಯಿತು. ತೆಲುಗು ನಾಡಿನಲ್ಲಿ ನೆಲಸಿರುವ ನಾವು ಹೆಮ್ಮೆಪಡಬೇಕಾದ ಸಂಗತಿಯಿದು.

ಚಿತ್ರ ತೆರೆಗೆ ಬಂದ 1970ರಲ್ಲಿ ಕಾರ್ನಾಡರಿಗೆ ಮೂವತ್ತೆರಡು ವರ್ಷ. ಪ್ರಾಣೇಶಾಚಾರ್ಯ ಎಂದರೆ ದೂರ್ವಾಸಪುರದ ಅಗ್ರಹಾರಕ್ಕೆಲ್ಲ ವೇದಾಂತ ಶಿರೋಮಣಿ. ರೋಗಿಷ್ಠ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ತಿಳಿದವನು. ಧರ್ಮಭ್ರಷ್ಟನಾದ ನಾರಣಪ್ಪ ಸತ್ತಾಗ ಶವಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಗೆ ಅವನ ತಾಳೆಗರಿಗಳಲ್ಲಿ ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾದು ಕುಳಿತರೆ ದೇವರೂ ಮಾತಾಡುವುದಿಲ್ಲ. ಇಂಥ ಪಾತ್ರವನ್ನು ಬೇರೆ ನಟನ ಕೈಗೆ ಕೊಟ್ಟಿದ್ದರೆ ಆ ಗುಡಿಯ ದೃಶ್ಯದಲ್ಲಿ ಕಣ್ಣೀರು ಹರಿಯುತ್ತಿತ್ತು, ಎದೆ ಬಡಿದುಕೊಳ್ಳುವುದು ನಡೆಯುತ್ತಿತ್ತು. ಕಾರ್ನಾಡರು ಹಾಗೆ ಮಾಡುವುದಿಲ್ಲ. ಅವರು ಕಾಯುತ್ತಾರೆ, ಅಷ್ಟೆ. ಮುಖದ ಮೇಲೆ ಮೊದಲು ಭರವಸೆ, ಆಮೇಲೆ ದಣಿವು, ಕೊನೆಗೆ, ಇದು ಮುಖ್ಯ, ಒಂದು ಬಗೆಯ ನಾಚಿಕೆ. ಇಷ್ಟು ಜನ ನನ್ನನ್ನು ನಂಬಿದ್ದಾರಲ್ಲ, ನನಗೆ ಏನೂ ತಿಳಿಯದಲ್ಲ ಎಂಬ ನಾಚಿಕೆ. ಪಾಂಡಿತ್ಯ ಕೈಕೊಟ್ಟ ಪಂಡಿತನನ್ನು ಇಷ್ಟು ಸಂಯಮದಿಂದ ಅಭಿನಯಿಸಿದ್ದನ್ನು ನಾನು ಕನ್ನಡ ತೆರೆಯ ಮೇಲೆ ಮತ್ತೆ ಕಂಡಿಲ್ಲ.

ದೋಷಗಳಿಲ್ಲವೆಂದಲ್ಲ. ಕಥೆಯ ಉತ್ತರಾರ್ಧದಲ್ಲಿ, ಚಂದ್ರಿಯ ಸಂಗದ ನಂತರ ಆಚಾರ್ಯ ಊರೂರು ಅಲೆಯುವಾಗ, ಕಾರ್ನಾಡರು ಪಾತ್ರದ ಒಳಗಿರುವುದಕ್ಕಿಂತ ಪಾತ್ರವನ್ನು ಕುರಿತು ಆಲೋಚಿಸುತ್ತಿರುವಂತೆ ತೋರುತ್ತದೆ. ದೇಹ ಸ್ವಲ್ಪ ಬಿಗಿ. ಜಾತ್ರೆಯ ಗದ್ದಲದಲ್ಲಿ ಕಳೆದುಹೋಗಬೇಕಾದವನು ಜಾತ್ರೆಯನ್ನು ಪರೀಕ್ಷಿಸುತ್ತಿದ್ದಾನೆ ಎನಿಸುತ್ತದೆ. ಬುದ್ಧಿಯೇ ಅವರ ಅಭಿನಯದ ಬಲ, ಬುದ್ಧಿಯೇ ಅದರ ಮಿತಿ. 'ತುಘಲಕ್' ಬರೆದವರು ಅವರೇ ಆದರೂ ಕನ್ನಡ ರಂಗದ ಮೇಲೆ ಆ ಸುಲ್ತಾನನನ್ನು ಗುಡುಗಿಸಿದ ಕೀರ್ತಿ ಸಿ.ಆರ್. ಸಿಂಹ ಅವರದು. ಸಿಂಹ ಅವರ ಕಂಠದ ಏರಿಳಿತ, ರಂಗವನ್ನೆಲ್ಲ ತುಂಬುವ ಆವೇಶ ಕಾರ್ನಾಡರಲ್ಲಿ ಇರಲಿಲ್ಲ. ಗುಡುಗುವ ನಟ ಅವರಲ್ಲ, ಕಿವಿಗೊಡುವ ನಟ. ಕ್ಯಾಮರಾ ಹತ್ತಿರ ಬಂದಷ್ಟೂ ಅವರ ಶಕ್ತಿ ಹೆಚ್ಚುತ್ತಿತ್ತು. ಆದ್ದರಿಂದಲೇ ಅವರು ರಂಗಕ್ಕೆ ಬರಹಗಾರರಾಗಿ, ತೆರೆಗೆ ನಟರಾಗಿ ದೊಡ್ಡವರಾದದ್ದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ.

ಈ ಗುಣವನ್ನು ಸರಿಯಾಗಿ ಗುರುತಿಸಿದವರು ನಮ್ಮ ನೆರೆಯವರೇ ಆದ ಶ್ಯಾಮ್ ಬೆನೆಗಲ್. ಬಾಲಾನಗರದಿಂದ ಬಹು ದೂರವಲ್ಲದ ತಿರುಮಲಗಿರಿಯಲ್ಲಿ 1934ರಲ್ಲಿ ಹುಟ್ಟಿ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ಬೆನೆಗಲ್ ಅವರ ಮನೆಮಾತೂ ಕೊಂಕಣಿ, ಮೂಲ ಕರಾವಳಿ ಕರ್ನಾಟಕ. ಅವರ 'ನಿಶಾಂತ್' (1975) ತೆಲಂಗಾಣದ ಜಮೀನ್ದಾರಿ ದೌರ್ಜನ್ಯದ ಕಥೆ. ಹಳ್ಳಿಗೆ ಹೊಸದಾಗಿ ಬಂದ ಶಾಲಾ ಮಾಸ್ತರನಾಗಿ ಕಾರ್ನಾಡರು, ಅವನ ಹೆಂಡತಿಯಾಗಿ ಶಬಾನಾ ಆಜ್ಮಿ. ಜಮೀನ್ದಾರನ ತಮ್ಮಂದಿರು ಆಕೆಯನ್ನು ಮನೆಯಿಂದಲೇ ಎತ್ತಿಕೊಂಡು ಹೋಗುತ್ತಾರೆ. ಮಾಸ್ತರ ಪೊಲೀಸರ ಬಳಿ ಹೋಗುತ್ತಾನೆ, ವಕೀಲನ ಬಳಿ ಹೋಗುತ್ತಾನೆ, ಅಧಿಕಾರಿಗಳ ಬಾಗಿಲು ತಟ್ಟುತ್ತಾನೆ, ಎಲ್ಲಿಯೂ ನ್ಯಾಯವಿಲ್ಲ. ಮುಂದೆ ಗುಡಿಯಲ್ಲಿ ಗಂಡ ಹೆಂಡಿರು ಭೇಟಿಯಾದಾಗ ಆಕೆ ಅವನ ನಿಷ್ಕ್ರಿಯತೆಯನ್ನು ಚುಚ್ಚಿ ಮಾತಾಡುತ್ತಾಳೆ. ಆ ಹೊತ್ತಿನಲ್ಲಿ ಕಾರ್ನಾಡರು ಉತ್ತರ ಕೊಡಲು ಹೋಗುವುದಿಲ್ಲ. ಮಾತನ್ನು ಮೈಮೇಲೆ ಬೀಳಗೊಡುತ್ತಾರೆ. ಪೆಟ್ಟು ತಿನ್ನುವುದನ್ನು ಅಭಿನಯಿಸುವುದು ಪೆಟ್ಟು ಕೊಡುವುದನ್ನು ಅಭಿನಯಿಸುವುದಕ್ಕಿಂತ ಕಷ್ಟ. ಕಡೆಗೆ ಮಾಸ್ತರನೇ ಪೂಜಾರಿಯೊಡನೆ ಸೇರಿ ಹಳ್ಳಿಗರನ್ನು ಎಬ್ಬಿಸುತ್ತಾನೆ. ಎದ್ದ ಬೆಂಕಿ ಅವನ ಕೈ ಮೀರಿ, ಯಾರಿಗಾಗಿ ಹೊತ್ತಿಸಿದನೋ ಅವಳನ್ನೂ ನುಂಗುತ್ತದೆ.

ಮರುವರ್ಷ ಬಂದ 'ಮಂಥನ್' ಚಿತ್ರವನ್ನು ಕಾರ್ನಾಡರ ಅಭಿನಯದ ಕಲಶವೆಂದು ನಾನು ಭಾವಿಸುತ್ತೇನೆ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ ಚಿತ್ರವದು. ಸಹಕಾರ ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯ ಡಾಕ್ಟರ್ ರಾವ್ ಆಗಿ ಕಾರ್ನಾಡರು. ಹಾಲು ಮಾರುವ ಬಿಂದುವಾಗಿ ಸ್ಮಿತಾ ಪಾಟೀಲ್. ಹರಿಜನ ಕೇರಿಯ ಸಿಡುಕು ತರುಣ ಭೋಲಾ ಆಗಿ ನಾಸಿರುದ್ದೀನ್ ಷಾ. ರಾವ್ ಅವರ ಸಹೋದ್ಯೋಗಿಯಾಗಿ ನಮ್ಮ ಅನಂತನಾಗ್. ಡಾಕ್ಟರ್ ರಾವ್ ಒಳ್ಳೆಯವನು, ಪ್ರಾಮಾಣಿಕ, ಕೆಲಸ ಬಲ್ಲವನು. ಆದರೆ ಹೊರಗಿನವನು. ಹಳ್ಳಿಯ ಮಾತು ಅವನಿಗೆ ಅರ್ಥವಾಗುತ್ತದೆ. ಮಾತಿನ ಹಿಂದಿರುವ ಜಾತಿ, ದ್ವೇಷ, ಭಯ ತಿಳಿಯಲು ಕಾಲ ಹಿಡಿಯುತ್ತದೆ. ಬಿಂದುವಿನ ಹಾಲಿನ ಮಾದರಿ ತೆಗೆದುಕೊಳ್ಳುವಾಗ ಅವಳಿಗೆ ಬರುವ ಅನುಮಾನವನ್ನು ಕಂಡು ಅವನು ತಬ್ಬಿಬ್ಬಾಗುತ್ತಾನೆ. ಹಿತ ಮಾಡಲು ಬಂದವನ ಮೇಲೇಕೆ ಸಂಶಯ?

ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿರುವ ಅನುಭವ. ಎಚ್.ಎ.ಎಲ್., ಎಚ್.ಎಂ.ಟಿ. ಮೊದಲಾದ ಕಾರ್ಖಾನೆಗಳಿಗೆಂದು, ಬ್ಯಾಂಕು ಆಫೀಸುಗಳಿಗೆಂದು ಈ ಊರಿಗೆ ಬಂದಿಳಿದ ಮೊದಲ ದಿನಗಳನ್ನು ನೆನೆಸಿಕೊಳ್ಳಿ. ಕೆಲಸ ಬಲ್ಲೆವು, ಮನಸ್ಸು ಒಳ್ಳೆಯದಿತ್ತು. ಆದರೂ ಷಾಪ್‌ಫ್ಲೋರಿನಲ್ಲಿ ತೆಲುಗಿನಲ್ಲಿ ನಗೆಯೆದ್ದಾಗ, ನಗುತ್ತಿರುವುದು ನಮ್ಮನ್ನು ಕುರಿತೋ ಏನೋ ಎಂದು ಮುಖ ನೋಡುತ್ತ ನಿಂತದ್ದುಂಟು. ಆ ಕ್ಷಣದ ಮುಖ ಹೇಗಿರುತ್ತದೆ ಎಂದು ತಿಳಿಯಬೇಕಾದರೆ 'ಮಂಥನ್' ನೋಡಬೇಕು. ನಗುವೂ ಅಲ್ಲ, ಸಿಟ್ಟೂ ಅಲ್ಲ, ಮರ್ಯಾದೆ ಬಿಡದ ಒಂದು ಗಲಿಬಿಲಿ. ಕೊನೆಗೆ ಹಿತಾಸಕ್ತರ ಒಳಸಂಚಿನಿಂದ ರಾವ್‌ಗೆ ವರ್ಗವಾಗುತ್ತದೆ. ರೈಲಿನಲ್ಲಿ ಬಂದವನು ರೈಲಿನಲ್ಲೇ ಹಿಂತಿರುಗುತ್ತಾನೆ. ಸಂಘವನ್ನು ಉಳಿಸಿಕೊಳ್ಳುವವರು ಆ ಊರಿನವರೇ. ಹೊರಗಿನವನು ಬೀಜ ಬಿತ್ತಬಹುದು, ಬೆಳೆ ಅವನದಲ್ಲ ಎಂಬ ಮಾತನ್ನು ಬೋಧನೆಯಿಲ್ಲದೆ ಹೇಳುವ ಚಿತ್ರ. ಇದರ ಪುನರುಜ್ಜೀವಿತ ಪ್ರತಿ 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡದ್ದು ಸಂತೋಷದ ಸಂಗತಿ. 1977ರ 'ಸ್ವಾಮಿ'ಯಲ್ಲಿಯೂ, ತನ್ನನ್ನು ಒಲ್ಲದೆ ಮದುವೆಯಾದ ಹೆಂಡತಿಯ ಮುಂದೆ ತಾಳ್ಮೆಗೆಡದೆ ನಿಲ್ಲುವ ಗಂಡನಾಗಿ ಅವರು ಇದೇ ಗುಣದಿಂದ ಗೆದ್ದರು.

ಈ ನಾಲ್ಕು ಪಾತ್ರಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ಸಾಮ್ಯ ಎದ್ದು ಕಾಣುತ್ತದೆ. ಆಚಾರ್ಯ, ಮಾಸ್ತರ, ಡಾಕ್ಟರ್, ಗಂಡ: ನಾಲ್ವರೂ ಸಮಾಜ ಗೌರವಿಸುವ ಸ್ಥಾನದಲ್ಲಿರುವವರು. ನಾಲ್ವರಿಗೂ ತಮ್ಮ ಸ್ಥಾನ ಸಾಲದು ಎಂದು ತಿಳಿಯುವ ಗಳಿಗೆ ಬರುತ್ತದೆ. ಆ ಗಳಿಗೆಯೇ ಕಾರ್ನಾಡರ ಅಭಿನಯದ ಜೀವಾಳ.

ಮುಂದಿನ ವರ್ಷಗಳಲ್ಲಿ ಚಿತ್ರೋದ್ಯಮ ಅವರ ಈ ಗೌರವದ ಮುಖವನ್ನು ಮಾತ್ರ ತೆಗೆದುಕೊಂಡು, ಅದರೊಳಗಿನ ಬಿರುಕನ್ನು ಬಿಟ್ಟುಬಿಟ್ಟಿತು. ಎತ್ತರದ ನಿಲುವು, ವಿಶಾಲವಾದ ಹಣೆ, ತೀಕ್ಷ್ಣ ಕಣ್ಣುಗಳು. ಶ್ರೀಮಂತ ತಂದೆ ಬೇಕೇ, ಕಾರ್ನಾಡರನ್ನು ಕರೆಯಿರಿ. ದೊಡ್ಡ ಅಧಿಕಾರಿ ಬೇಕೇ, ಅವರನ್ನೇ ಕರೆಯಿರಿ. ತಮಿಳಿನ 'ಕಾದಲನ್' (1994), ನಮ್ಮ ಊರಿನವರು 'ಪ್ರೇಮಿಕುಡು' ಎಂದು ನೋಡಿದ ಚಿತ್ರದಲ್ಲಿ, ಅವರು ದುಷ್ಟ ರಾಜ್ಯಪಾಲ. 1996ರ ತೆಲುಗು 'ಧರ್ಮಚಕ್ರಂ' ಚಿತ್ರದಲ್ಲಿ ವೆಂಕಟೇಶರ ತಂದೆ. 2004ರ 'ಶಂಕರ್ ದಾದಾ ಎಂ.ಬಿ.ಬಿ.ಎಸ್.'ನಲ್ಲಿ ಚಿರಂಜೀವಿಯವರ ತಂದೆ. ಹಿಂದಿಯ 'ಏಕ್ ಥಾ ಟೈಗರ್' (2012) ಚಿತ್ರದಲ್ಲಿ ಗೂಢಚಾರ ಇಲಾಖೆಯ ಮುಖ್ಯಸ್ಥ. ಇವುಗಳಲ್ಲಿ ಅವರು ಕೆಟ್ಟದಾಗಿ ಅಭಿನಯಿಸಿದರೆಂದು ನಾನು ಹೇಳುತ್ತಿಲ್ಲ. ಶಂಕರ್ ದಾದಾನ ತಂದೆ, ಮಗ ಡಾಕ್ಟರಲ್ಲ, ರೌಡಿ ಎಂದು ತಿಳಿದು ಅವಮಾನದಿಂದ ಕುಗ್ಗುವಲ್ಲಿ ಒಂದೆರಡು ಕ್ಷಣ ಹಳೆಯ ಕಾರ್ನಾಡರು ಮಿಂಚುತ್ತಾರೆ. ಆದರೆ ಕಥೆಗೆ ಅಷ್ಟು ಹೊತ್ತು ಅವರ ಮುಖ ನೋಡುವ ವ್ಯವಧಾನವಿಲ್ಲ, ಹಾಡು ಬಂದುಬಿಡುತ್ತದೆ. ಮೇಲಾಗಿ ಪರಭಾಷೆಯ ನಟರಿಗೆ ಬೇರೊಬ್ಬರ ಕಂಠ ಜೋಡಿಸುವುದು ದಕ್ಷಿಣದ ಚಿತ್ರರಂಗಗಳ ವಾಡಿಕೆ. ಮಾತಿನ ನಡುವಣ ಮೌನದಲ್ಲಿ ಅಭಿನಯಿಸುವ ನಟನಿಗೆ ಮಾತೇ ತನ್ನದಲ್ಲದಿದ್ದರೆ ಮೌನವೂ ತನ್ನದಾಗಿ ಉಳಿಯುವುದಿಲ್ಲ.

ಇಂಥ ಪಾತ್ರಗಳನ್ನು ಏಕೆ ಒಪ್ಪಿದರು ಎಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ಕಾರ್ನಾಡರು ಈ ವಿಷಯದಲ್ಲಿ ಮುಚ್ಚುಮರೆ ಮಾಡಿದವರಲ್ಲ. ನಾಟಕ ಬರೆದು ಸಂಸಾರ ನಡೆಸಲಾಗದು, ಸಿನಿಮಾ ಹಣ ಕೊಡುತ್ತದೆ, ಆ ಹಣ ನಾಟಕ ಬರೆಯಲು ಬಿಡುವು ಕೊಡುತ್ತದೆ ಎಂಬ ಅರ್ಥದ ಮಾತನ್ನು ಅವರು ಅನೇಕ ಸಲ ಆಡಿದ್ದಾರೆ. 'ನಾಗಮಂಡಲ', 'ತಲೆದಂಡ', 'ಅಗ್ನಿ ಮತ್ತು ಮಳೆ' ಹುಟ್ಟಿದ್ದು ಈ ಬಿಡುವಿನಲ್ಲಿ. ಹಗಲೆಲ್ಲ ಬೇರೆಯವರ ಭಾಷೆಯಲ್ಲಿ ದುಡಿದು, ಸಂಜೆ ಮನೆಗೆ ಬಂದು ನಮ್ಮ ಮಾತಿನಲ್ಲಿ ಉಸಿರಾಡುವ ನಾವು ಈ ವ್ಯವಸ್ಥೆಯನ್ನು ಹಗುರವಾಗಿ ನೋಡಲಾರೆವು. ಆದರೆ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. ದುಡಿಮೆಯ ಪಾತ್ರ ಬೇರೆ, ಮನಸ್ಸಿಟ್ಟ ಪಾತ್ರ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಹೊಗಳುವುದು ವಿಮರ್ಶೆಯಲ್ಲ, ಸನ್ಮಾನ ಪತ್ರ.

ಪರಭಾಷೆಯ ಚಿತ್ರಗಳೆಲ್ಲ ಬರೀ ದುಡಿಮೆ ಎಂದೂ ಹೇಳುವಂತಿಲ್ಲ. ಇದಕ್ಕೆ ಅವರ ಮೂರು ಗುರುಗಳ ಪಾತ್ರಗಳೇ ಸಾಕ್ಷಿ. 1983ರಲ್ಲಿ ತೆಲುಗು ನಿರ್ದೇಶಕ ಜಂಧ್ಯಾಲ ಅವರ 'ಆನಂದ ಭೈರವಿ'ಯಲ್ಲಿ ಅವರು ಕೂಚಿಪೂಡಿ ನೃತ್ಯದ ಗುರು. ಜಾತಿಯ ಕಟ್ಟು ಮೀರಿ ವಿದ್ಯೆ ಕಲಿಸುವವನು. ನಮ್ಮ ಪಕ್ಕದ ಮನೆಯವರು ನಾಲ್ಕು ದಶಕಗಳ ಮೇಲೂ ಆ ಗುರುವನ್ನು ಮರೆತಿಲ್ಲವೆಂದರೆ ಅದು ಪಾತ್ರದ ಗೆಲುವು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ'ದಲ್ಲಿ ಅವರು ಗೋವಿಂದ ಭಟ್ಟರು. ಮುಸಲ್ಮಾನ ಶಿಷ್ಯನನ್ನು ಎದೆಗಪ್ಪಿಕೊಂಡ ಗುರು. ಇನ್ನು 2005ರಲ್ಲಿ ನಮ್ಮ ಹೈದರಾಬಾದಿನವರೇ ಆದ ನಾಗೇಶ್ ಕುಕುನೂರ್ ಅವರ 'ಇಕ್ಬಾಲ್' ಚಿತ್ರದಲ್ಲಿ, ದುಡ್ಡಿದ್ದವನ ಮಗನಿಗಾಗಿ ಬಡ ಹುಡುಗನನ್ನು ಹೊರಗಟ್ಟುವ ಕ್ರಿಕೆಟ್ ಗುರು. ಮೊದಲ ಇಬ್ಬರಲ್ಲಿ ಕಂಡ ಅದೇ ಗಾಂಭೀರ್ಯ, ಅದೇ ಮೆಲುಮಾತು ಮೂರನೆಯವನಲ್ಲಿ ವಂಚನೆಯ ಮುಸುಕಾಗುತ್ತದೆ. ತನ್ನ ಗೌರವದ ಮುಖವನ್ನೇ ತಿರುವಿ ಹಾಕಿ, ನೋಡಿ, ಇದರ ಹಿಂದೆ ಇಂಥವನೂ ಇರಬಹುದು ಎಂದು ತೋರಿಸುವುದು ಸಾಮಾನ್ಯ ನಟರಿಂದ ಆಗದ ಕೆಲಸ. ಸ್ವತಃ ನಿರ್ದೇಶಿಸಿದ 'ಕಾನೂರು ಹೆಗ್ಗಡಿತಿ'ಯಲ್ಲಿ (1999) ಒರಟು ಯಜಮಾನ ಚಂದ್ರಯ್ಯಗೌಡನಾದಾಗಲೂ ಅವರು ಈ ಮುಖದ ಭಂಜನೆಯನ್ನೇ ಮಾಡಿದರು.

ಮೂವರಲ್ಲಿ ನನ್ನ ಒಲವು ಗೋವಿಂದ ಭಟ್ಟರ ಕಡೆಗೆ. ಕಾರಣ ಭಾಷೆ. ಧಾರವಾಡ ಸೀಮೆಯ ಕನ್ನಡ ಅವರ ಬಾಯಲ್ಲಿ ಬಂದಾಗ ದೇಹದ ಬಿಗಿಯೆಲ್ಲ ಸಡಿಲುತ್ತದೆ. ಬೈಯುವುದರಲ್ಲಿ ಅಕ್ಕರೆ, ಮುನಿಸಿನಲ್ಲಿ ತಮಾಷೆ, ಜನಿವಾರದ ಜಗಳದಲ್ಲಿ ಒಂದು ಹುಡುಗಾಟ. 'ಸಂಸ್ಕಾರ'ದ ಆಚಾರ್ಯನಿಗೆ ದೊರೆಯದ ಬಿಡುಗಡೆ ಇಪ್ಪತ್ತು ವರ್ಷಗಳ ನಂತರ ಈ ಭಟ್ಟರಿಗೆ ದೊರೆತಿದೆ. ಆಲೋಚಿಸುವ ನಟ ಇಲ್ಲಿ ಆಲೋಚನೆಯನ್ನು ಮರೆತು ಆಡಿದ್ದಾರೆ. ಕನ್ನಡದ ಮಟ್ಟಿಗೆ ಅವರು ಹೊರಗಿನವರಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಆಗುಂಬೆಯಲ್ಲಿ ಶಂಕರ್‌ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಕಟ್ಟುನಿಟ್ಟಿನ ತಂದೆಯಾಗಿ ಅವರನ್ನು ದೇಶವೆಲ್ಲ ಕಂಡಿತು. ಅಲ್ಲಿಯೂ ಪತ್ರಿಕೆಯ ಮರೆಯಿಂದ ಮಗನನ್ನು ನೋಡುವ ಆ ನೋಟದಲ್ಲಿ ಶಿಸ್ತೂ ವಾತ್ಸಲ್ಯವೂ ಒಟ್ಟಿಗಿವೆ. ಆದರೂ ಗೋವಿಂದ ಭಟ್ಟರ ಸಲಿಗೆ ಹಿಂದಿಯಾಡುವ ಆ ತಂದೆಗೆ ಬಂದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ನಟ ಕಾರ್ನಾಡರು ಬಹು ಪಾತ್ರಗಳ ನಟರಲ್ಲ. ಒಂದು ಪಾತ್ರದ ಹಲವು ಛಾಯೆಗಳ ನಟರು. ಅದು ಬೇರೊಂದು ನೆಲಕ್ಕೆ ಬಂದು, ತನಗೆ ತಿಳಿದದ್ದು ಇಲ್ಲಿ ಸಾಲದು ಎಂದು ಅರಿತು, ಆದರೂ ಮರ್ಯಾದೆಗೆಡದೆ ನಿಲ್ಲುವ ಮನುಷ್ಯನ ಪಾತ್ರ. ಗಿನ್ನೆಸ್ ಅವರು ಗೋಡ್‌ಬೋಲೆಯಾಗಿ ಹೊರಗಿನವರಲ್ಲದಂತೆ ನಟಿಸಲು ಹೋಗಿ ಸೋತರು. ಕಾರ್ನಾಡರು ಹೊರಗಿನವನ ಸ್ಥಿತಿಯನ್ನೇ ಪಾತ್ರ ಮಾಡಿಕೊಂಡು ಗೆದ್ದರು. ಆ ಸ್ಥಿತಿಗೆ ಅವಕಾಶ ಕೊಟ್ಟ ಚಿತ್ರಗಳು ಉಳಿದಿವೆ. ಮುಖವನ್ನಷ್ಟೇ ಬಾಡಿಗೆಗೆ ಪಡೆದ ಚಿತ್ರಗಳು ಟೀವಿಯಲ್ಲಿ ಮಧ್ಯಾಹ್ನದ ಹೊತ್ತು ಕಳೆಯಲು ಉಳಿದಿವೆ.

ಕೊನೆಯ ವರ್ಷಗಳಲ್ಲಿ ಉಸಿರಾಟದ ತೊಂದರೆಯಿಂದ ಮೂಗಿಗೆ ನಳಿಕೆ ಹಾಕಿಕೊಂಡೇ ಅವರು ಸಭೆಗಳಿಗೆ ಬರುತ್ತಿದ್ದರು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ನಿಧನರಾದರು. ಅದಕ್ಕೆ ಮುನ್ನ, 2018ರಲ್ಲಿ ಹೊರತಂದ ನಾಟಕ 'ರಾಕ್ಷಸ ತಂಗಡಿ'. 1565ರಲ್ಲಿ ವಿಜಯನಗರವನ್ನು ಮುರಿದ ಯುದ್ಧದ ಕಥೆ. ಆ ಯುದ್ಧದಲ್ಲಿ ನಮ್ಮ ಗೋಲ್ಕೊಂಡೆಯ ಸುಲ್ತಾನನೂ ಇದ್ದ, ಒಂದು ಕಾಲಕ್ಕೆ ಅವನು ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ಹತ್ತು ಊರುಗಳಲ್ಲಿ, ಹಲವು ಭಾಷೆಗಳಲ್ಲಿ ಮುಖ ತೋರಿಸಿ ಬಂದ ಮನುಷ್ಯ, ಬರೆಯಲು ಕುಳಿತಾಗ ಮತ್ತೆ ಕನ್ನಡಕ್ಕೇ ಬಂದಿದ್ದರು.

ಆರಂಭದ ಪ್ರಸಂಗಕ್ಕೆ ಮರಳಿ ಲೇಖನ ಮುಗಿಸುತ್ತೇನೆ. ಅಂದು ರಾತ್ರಿ ಊಟದ ಮೇಲೆ ನಾವು ಮೂವರೂ ಕುಳಿತು 'ಸಂತ ಶಿಶುನಾಳ ಶರೀಫ' ನೋಡಿದೆವು. 'ಸಂಸ್ಕಾರ' ಆ ವಯಸ್ಸಿಗೆ ಅಲ್ಲ. ಅದು ಮುಂದೆ ನೋಡಲಿ. ಮೊಮ್ಮಗಳು ಅರ್ಧ ಅರ್ಥವಾಗಿ, ಅರ್ಧ ಅಜ್ಜಿಯನ್ನು ಕೇಳಿಕೊಂಡು ನೋಡಿದಳು. ಗೋವಿಂದ ಭಟ್ಟರು ಶಿಷ್ಯನನ್ನು ಗದರಿಸಿದಾಗೆಲ್ಲ ನಕ್ಕಳು. ಮುಗಿದ ಮೇಲೆ, "ತಾತಾ, ಇವರು ಮನೇಲಿ ಹೀಗೇ ಮಾತಾಡ್ತಿದ್ರಾ?" ಎಂದಳು. ಇಲ್ಲಮ್ಮ, ಅವರ ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ, ಬೀದಿಯಲ್ಲಿ, ಆಟ ನೋಡುತ್ತ ಬಂದದ್ದು ಎಂದೆ. ಸಂಘದ ಭಾನುವಾರದ ತರಗತಿಗೆ ಹೋಗಲು ಪ್ರತಿ ವಾರವೂ ಮುಖ ಸಿಂಡರಿಸುವ ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ಅವರೂ ಕಲ್ತೇ ಬರೆದದ್ದು, ಅಲ್ವಾ?" ಎಂದು ಕೇಳಿದಳು.

ಹೌದೆಂದೆ. ಮುಂದಿನ ಭಾನುವಾರ ಅವಳು ಮುಖ ಸಿಂಡರಿಸಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ, ಸಿಂಡರಿಸಿದಳು. ಆದರೆ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ: ಬರುವ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಜೊತೆಗೆ 'ಮಂಥನ್' ಅಥವಾ 'ಶರೀಫ', ಎರಡರಲ್ಲಿ ಒಂದನ್ನು ಮಕ್ಕಳಿಗೆ ತೋರಿಸುವ ಏರ್ಪಾಡಾಗಲಿ. ಶಂಕರ್ ದಾದಾನ ತಂದೆಯ ಪರಿಚಯ ಅವರಿಗೆ ಹೇಗೂ ಇದೆ. ಉಳಿದ ಕಾರ್ನಾಡರ ಪರಿಚಯ ಮಾಡಿಸುವುದು ನಮ್ಮ ಹೊಣೆ.